ಒಂದು ಬಿಸಿ ತಕಲೀಪ

ಬಾರ್ ಕೌಂಟರಿನ ಹಿಂದ ನಿಂತವರು ನಗಿ ಹುಡಿಕ್ಕೊಂಡ ಎಲ್ಲೂ ಹೋಗೂದು ಬ್ಯಾಡ್ರಿ. ಅದ ತಾನ ಮಫ್ಲರ್ ಸುತಗೊಂಡ, ಬಾಗಲಾ ದೂಡಿಕೊಂಡ ಬರತೈತಿ, ಕುರ್ಚಿ ಎಳಕೊಂಡ ಕುಂದರತೈತಿ, ಮ್ಯಾಲ ಹುರದ ಶೇಂಗಾನೂ ಬೇಡತೈತಿ. ಗೋಕುಲ ರಸ್ತೆದಾಗಿನ ಒಂದ ಹೋಟೆಲಿನ್ಯಾಗ ಭಾಳ ವರ್ಷದಿಂದ ಈ ಕೌಂಟರ್ ನಾನ ನೋಡಕೋತೇನಿ. ಊರ ಮಂದಿ ನನ್ನ ಕೆಲಸಕ್ಕ ಬಾರ್‌ಟೆಂಡರ್ ಅಂತಾರ. ನಮ್ಮ ಮನಿಯಾಕಿ ಮಾತ್ರ ಬೀಗರ ಮುಂದ, ನಮ್ಮವರು ಹೋಟೆಲಿನ್ಯಾಗ ಪಾನಕದ ವಿಭಾಗ ನೋಡಕೋತಾರ ಅಂತ ಹೇಳತಾಳ. ನಾನೂ ತಿದ್ದಾಕ ಹೋಗಿಲ್ಲ. ಎಲ್ಲಾ ವರ್ಷಾನೂ ಏನರ ಒಂದ ನಡಕೊಂತ ಇರತೈತಿ, ಆದ್ರ ಹೋದ ವರ್ಷದ ಥಂಡಿ ದಿನದಾಗ ಆದದ್ದು ನೆನಸಿಕೊಂಡ್ರ ಈಗೂ ಬಸ್ಸಿನ್ಯಾಗ ಒಬ್ಬನ ಕುಂತ ನಗತೇನಿ. ಬಾಜೂಕ ಕುಂತವರು ಸಾವಕಾಶ ಸರಕೊಂಡ ಕುಂದರತಾರ.

ಅವ್ವಾರ ಅಪ್ಪಣಿ

ನಮ್ಮ ಸಾವಕಾರ್ರದು ಕಾಳು, ಹತ್ತಿ ವ್ಯಾಪಾರದ ಮನೆತನ. ಹಣಿ ತುಂಬ ವಿಭೂತಿ, ಮನ್ಯಾಗ ಎರಡ ಹೊತ್ತು ಪೂಜಿ. ಹೋಟೆಲ್ ಕೊಂಡಾಗ ಬಾರಿನ ಲೈಸೆನ್ಸೂ ಜೋಡಿ ಬಂತು, ಎಮ್ಮಿ ಕೊಂಡ್ರ ಕರಾ ಬಂದಂಗ. ಸಾವಕಾರ್ರ ತಲಿಯಾಗ ಬಿಳಿ ಕೂದಲಾ ಆಗ್ಯಾವ, ಆದ್ರ ಅವರ ತಾಯಿ ಮುಂದ ಇನ್ನೂ ಎರಡನೇ ಇಯತ್ತೆ ಹುಡುಗ. ಆ ತಾಯಿಗೆ ನಾವೆಲ್ಲಾ ಅವ್ವಾರು ಅಂತೀವಿ. ಗಿಡ್ಡ ಆಳು, ಇಳಕಲ್ ಸೀರಿ, ಮೆತ್ತಗ ಮಾತಾಡಿದ್ರೂ ಮೂರನೇ ಮಾಳಗಿ ತನಕ ಕೇಳತೈತಿ.

ದೀಪಾವಳಿ ಲಕ್ಷ್ಮಿ ಪೂಜಿಗೆ ಬಂದ ಅವ್ವಾರು ನನ್ನ ಕೌಂಟರ್ ಮುಂದ ನಿಂತ ಒಂದ ಸಲ ಮ್ಯಾಲಿಂದ ಕೆಳಗ ನೋಡಿದ್ರು. ಸಂಕ್ರಮಣ ಬರೂದ್ರೊಳಗ ಇದನ್ನ ಕಿತ್ತ ಹಾಕಬೇಕು, ಇಲ್ಲಿ ಹೋಳಿಗಿ-ತುಪ್ಪದ ಖಾನಾವಳಿ ಆಗಬೇಕು ಅಂದ್ರು. ನನ್ನ ಕಡೆ ಕೈ ಮಾಡಿ, ಇವನ್ನ ಮ್ಯಾಲಿನ ಮದವಿ ಹಾಲಿನ ಬಾಗಲದಾಗ ಪನ್ನೀರ ಸಿಂಪಡಸಾಕ ನಿಂದರಸು, ಉದ್ದಕ ಛಲೋ ಅದಾನ ಅಂತನೂ ಅಂದ್ರು. ಸಾವಕಾರ್ರು “ಹೂಂ ಅವ್ವಾ” ಅಂದ್ರು. ಹುಟ್ಟಿದಾಗಿಂದ ತಾಯಿ ಮುಂದ ಅವರ ಬಾಯಾಗ ಬಂದದ್ದು ಅದೊಂದ ಮಾತು.

ಅವ್ವಾರ ಗಾಡಿ ಹೋದ ಮ್ಯಾಲ ಸಾವಕಾರ್ರು ನನ್ನ ಮುಂದ ಸ್ಟೂಲಿನ ಮ್ಯಾಲ ಕುಂತ ಎರಡೂ ಕೈಯಿಂದ ತಲಿ ಹಿಡಕೊಂಡ್ರು. ಬಾಕಿ ಎಲ್ಲಾ ಅವರಪ್ಪ ಮಾಡಿಟ್ಟದ್ದು, ಈ ಕೌಂಟರ್ ಒಂದ ಅವರು ತಾವ ನಿಂತ ಮಾಡಿಸಿದ್ದು. ಕೆಡವಾಕ ಮನಸಿಲ್ಲ, ಇಲ್ಲ ಅನ್ನಾಕ ಬಾಯಿಲ್ಲ. ನಂದೂ ಅದ ಪಾಡು. ಈ ವಯಸ್ಸಿನ್ಯಾಗ ಬೆಳ್ಳಿ ಪನ್ನೀರದಾನಿ ಹಿಡಕೊಂಡ ಮಂದಿ ಮುಖದ ಮ್ಯಾಲ ನೀರ ಹೊಡಕೊಂತ ನಿಂದರೂದಂದ್ರ ಏನ ಮಾತ್ರಿ?

ಕಡೀಕ ಸಾವಕಾರ್ರ ಒಂದ ದಾರಿ ಹುಡಿಕಿದ್ರು. ಎಲ್ಲೋ ಗುಡ್ಡದೂರಿಗೆ ಪ್ರವಾಸ ಹೋದಾಗ ಅಲ್ಲಿ ಕಿತ್ತಳಿ, ಲಿಂಬಿ ರಸಾ ಬಿಸಿ ಮಾಡಿ ಅದರಾಗ ಟಕೀಲಾ ಅನ್ನೂ ಪರದೇಶದ ದಾರೂ ಹಾಕಿ ಕೊಟ್ಟಿದ್ರಂತ. ಗಂಡಾ ಹೆಂಡ್ತಿ ಶಾಲ್ ಹೊದಕೊಂಡ, ಗದ್ದಲಿಲ್ಲದ, ಕಷಾಯ ಕುಡದಂಗ ಕುಡೀತಿದ್ರಂತ. ಅಂಥಾ ಮರ್ಯಾದಸ್ಥ ಮಂದಿ ಥಂಡಿ ಸಂಜಿಮುಂದ ನಮ್ಮಲ್ಲೂ ಬಂದ ಕುಂತ್ರ ಅವ್ವಗ ಇಲ್ಲ ಅನ್ನಾಕ ನನಗ ಧೈರ್ಯ ಬರತೈತಿ ಅಂದ್ರು. ನಾ ಮಾಡತೇನ್ರಿ, ಆದ್ರ ಅವ್ವಾರ ಮುಂದ ಬಾಯಿ ತಗಿಯೂದು ಮಾತ್ರ ನೀವ ಅಂತ ಹೇಳಿದೆ. ಅದಕ್ಕೂ “ಹೂಂ” ಅಂದ್ರು. ಆ ಹೂಂ ಕೇಳಿದ ಮ್ಯಾಲ ನಾ ಸುಮ್ಮ ಮದವಿ ಹಾಲಿಗೆ ಹೋಗಿ, ಪನ್ನೀರದಾನಿ ಎಷ್ಟ ವಜ್ಜಾ ಐತಿ ಅಂತ ಎತ್ತಿ ನೋಡಿ ಬಂದೆ.

ಅರ್ಧಾ ಆಗೂತನಕ

ಈಗ ಯಾರ ಕೇಳಿದ್ರೂ ಹೇಳತೇನಿ. ಕಿತ್ತಳಿ ರಸಕ್ಕ ಜಜ್ಜಿದ ಹಸಿಶುಂಠಿ, ದಾಲ್ಚಿನ್ನಿ, ಎರಡ ಲವಂಗ, ಒಂದ ತುಂಡ ಬೆಲ್ಲ ಹಾಕಿ ಸಣ್ಣ ಉರಿ ಮ್ಯಾಲ ಕಾಸಬೇಕು. ಕುದಿ ಬರೂದ್ರೊಳಗ ಇಳಿಸಬೇಕು. ಇಳಿಸಿದ ಮ್ಯಾಲ ಲಿಂಬಿ ಹಿಂಡಬೇಕು, ಕಟ್ಟಾ ಕಡೀಕ ಟಕೀಲಾ. ಲಿಂಬಿ ಕುದ್ದರ ಕಹಿ ಆಗತೈತಿ, ಟಕೀಲಾ ಕುದ್ದರ ಗಾಳಿ ಪಾಲಾಗತೈತಿ. ಆದ್ರ ಇದೆಲ್ಲಾ ಮೊದಲನೇ ದಿನ ನನಗ ಎಲ್ಲಿ ಗೊತ್ತಿತ್ತು.

ಕೌಂಟರಿನ್ಯಾಗ ಒಲಿ ಇರಲಿಲ್ಲ. ಅಡಗಿಮನಿಗೆ ಹೋದೆ. ಅಲ್ಲಿ ನಮ್ಮ ಅಡಗಿ ಕಾಕಾಂದು ರಾಜ್ಯ. ಬಾಟ್ಲಿ ಕಂಡ್ರ ಕಾಕಾ ಒಲಿ ಮುಟ್ಟಗೊಡೂದಿಲ್ಲ ಅಂತ ಟಕೀಲಾ ತಂಬಿಗ್ಯಾಗ ಹಾಕ್ಕೊಂಡ ಹೋಗಿದ್ದೆ. ಎಲ್ಲಾ ಪಾತೇಲಿಗೆ ಸುರವಿ, ಕಾಕಾ, ಇದು ಕಷಾಯದಂಗ ಆಗಬೇಕು ಅಂತ ಹೇಳಿ, ಗಿರಾಕಿ ಬಂದಾರಂತ ಹೊರಗ ಓಡಿ ಬಂದೆ. ತಪ್ಪಿದ್ದ ಅಲ್ಲಿ. ಕಾಕಾಗ ಕಷಾಯ ಅಂದ್ರ ಒಂದ ಕಾಯ್ದೆ, ಹಾಕಿದ್ದು ಅರ್ಧಾ ಆಗೂತನಕ ಕುದೀಬೇಕು. ಕುದಿಸ್ಯಾನ. ಅಷ್ಟಕ್ಕ ಬಿಡಲಿಲ್ಲ, ಕೊತ್ತಂಬರಿ ಕಾಳು, ಜೀರಗಿ, ಜ್ಯೇಷ್ಠಮಧು ಎಲ್ಲಾ ಕುಟ್ಟಿ ಹಾಕ್ಯಾನ. ಊಟಕ್ಕ ಕುಂತ ಮಂದಿ, ಒಳಗ ಯಾರಿಗೆ ಜ್ವರಾ ಬಂದಾವ ಅಂತ ಕೇಳಾಕತ್ತರು.

ನಾನೂ ನಮ್ಮ ವೇಟರೂ ರುಚಿ ನೋಡಾಕ ಕುಂತ್ವಿ. ಈ ವೇಟರ್ ಛಲೋ ಮನಶ್ಯಾ, ನಲವತ್ತ ದಾಟೇತಿ, ಕಾಲ ಭಾಳ ಚುರುಕು, ಕಿವಿ ಮಾತ್ರ ಅರ್ಧಾ ಕೇಳಿ ಓಡತಾವ. ಎರಡ ಗ್ಲಾಸ್ ಕುಡದು ಕಣ್ಣ ಮುಚ್ಚಿಕೊಂಡ, ಈಗ ಏರತೈತಿ, ಈಗ ಏರತೈತಿ ಅಂತ ಹಾದಿ ನೋಡಿದ. ಏನೂ ಏರಲಿಲ್ಲ. ವಾರದಿಂದ ಕಟ್ಟಿದ್ದ ಅವನ ಮೂಗು ಬಿಚಗೋತು, ಅಷ್ಟ. ಕಾಕಾಗ ಸುದ್ದಿ ಕೇಳಿ ಭಾಳ ಖುಷಿ ಆತು. ನನ್ನ ಬಾಜೂಕ ಕರದು, ಸಾವಕಾಶ ಕೇಳಿದ: “ಆ ತಂಬಿಗ್ಯಾಗಿನ ನೀರು ಯಾವ ಬಾವೀದಪಾ? ನಮ್ಮ ಮನಿಯಾಕಿಗೂ ಕೆಮ್ಮ ಐತಿ.”

ಧಾರವಾಡದ ಹಿರೇರು

ಮರುದಿನ ಕೌಂಟರಿನ ಕೆಳಗ ಒಂದ ಸಣ್ಣ ಕರೆಂಟ್ ಒಲಿ ಬಂತು, ಮೂರನಾಕ ಸಂಜಿ ಹೊಡದಾಡಿದ ಮ್ಯಾಲ ರುಚೀನೂ ಹದಕ್ಕ ಬಂತು. ಸಾವಕಾರ್ರು ಕುಣಿದಾಡೂದೊಂದ ಬಾಕಿ. ವೇಟರನ ಕರದು, ಟಕೀಲಾ ಅಂತ ಯಾರ ಬಾಯಾಗ ಬಂದ್ರೂ ಎರಡನೇ ಮಾತ ಕೇಳಬ್ಯಾಡ, ಲಗೂನ ಒಯ್ದ ಇಡು ಅಂತ ತಾಕೀತ ಮಾಡಿದ್ರು.

ಅದ ಹೊತ್ತಿಗೆ ಧಾರವಾಡದಿಂದ, ಕೆಲಗೇರಿ ಕಡೆಯ ಹಿರೇರೊಬ್ಬರು ಮೊಮ್ಮಗಳ ನಿಶ್ಚಯಕ್ಕ ಹಾಲ್ ಕೇಳಾಕ ಬಂದ್ರು. ಕಾಲೇಜಿನ್ಯಾಗ ಕಲಿಸಿ ನಿವೃತ್ತಿ ಆದವರು. ಬಾಗಲದ ಹತ್ರ ಸೋಫಾದಾಗ ಕುಂತಿದ್ರು. ವೇಟರ್ ಹೋಗಿ ಏನ ತರ್ಲಿರಿ ಅಂತ ಕೇಳ್ಯಾನ. ಧಾರವಾಡದ ಮಂದಿ ಹೆಂಗ ಅನ್ನೂದು ನಿಮಗ ಗೊತ್ತ ಐತಿ. ನೀರ ಕೊಟ್ರೂ ಸಂಕೋಚ, ನಿಮಗ್ಯಾಕ ತೊಂದ್ರಿ ಅಂತಾರ. “ಏನೂ ಬ್ಯಾಡಪಾ, ಸುಮ್ಮನ ಯಾಕ ತಕಲೀಪ?” ಅಂದಾರ. ನಮ್ಮ ವೇಟರನ ಕಿವಿಗೆ ಕಡೀ ಮಾತ ಅಷ್ಟ ಬಿದ್ದೈತಿ. ಓಡಿ ಬಂದು, ಒಂದ ಟಕೀಲಾ ಅಂದ. ನಾ ಮಾಡಿ ಕೊಟ್ಟೆ.

ಹಿರೇರ ಮುಂದ ಬಿಸಿ ಗ್ಲಾಸ್ ಬಂತು. ಅವರು, ಅಯ್ಯ, ಮತ್ತ ಯಾಕ ತಕಲೀಪ ತಗೊಂಡಿ ಅಂದಾರ. ಇಂವ ಮತ್ತ ಬಂದು ಇನ್ನೊಂದ ಒಯ್ದ. ಎರಡ ಗ್ಲಾಸ್ ನೋಡಿ ಅವರಿಗೆ ಇನ್ನಷ್ಟ ಸಂಕೋಚ ಆತು. ಸಾಕಪಾ, ಭಾಳ ತಕಲೀಪ ಆತು ಅಂದ್ರು. ಭಾಳ ಅಂತ ಕೇಳಿದವನ ನಮ್ಮವ ದೊಡ್ಡ ಗ್ಲಾಸ್ ತುಂಬಿಸಿಕೊಂಡ ಹ್ವಾದ. ಒಬ್ಬರ ಕುಂತ ಮೂರ ಗ್ಲಾಸ್ ಯಾರ ಕುಡಿಯಾಕತ್ತಾರಪಾ ಅಂತ ಬಗ್ಗಿ ನೋಡಿದೆ. ಪಂಚೆ, ಕರೀ ಕೋಟು, ಹಣಿ ಮ್ಯಾಲ ವಿಭೂತಿ. ಓಡಿ ಹೋದೆ. ಪುಣ್ಯಕ್ಕ ಅವರು ಗ್ಲಾಸ್ ಹಿಡಕೊಂಡ ಕೈ ಕಾಸಿಕೊಳ್ಳಾಕತ್ತಿದ್ರು, ಇನ್ನೂ ಬಾಯಿಗೆ ಹಚ್ಚಿರಲಿಲ್ಲ.

ಕೈ ಮುಗದು ಎಲ್ಲಾ ಬಿಡಿಸಿ ಹೇಳಿದೆ. ಅವರು ಸಿಟ್ಟ ಮಾಡಲಿಲ್ಲ, ನಕ್ಕರು. ಇದರ ಹೆಸರ ಏನಂದ್ರಿ ಅಂತ ಇನ್ನೊಮ್ಮೆ ಕೇಳಿ, ಬಾಯಾಗ ಹೊಳ್ಳಿಸಿ ನೋಡಿದ್ರು. ಆಮ್ಯಾಲ ನನ್ನ ಭುಜದ ಮ್ಯಾಲ ಕೈ ಇಟ್ಟ ಹೇಳಿದ್ರು: “ಇದನ್ನ ನಮ್ಮ ಧಾರವಾಡಕ್ಕ ಮಾತ್ರ ತರಬ್ಯಾಡ್ರಿ. ಅಲ್ಲೆ ಮುಂಜಾನಿಂದ ಸಂಜೀತನಕ ಮಂದಿ ಬಾಯಾಗ ಇದ ಮಾತ ಅದ, ನಿಮಗ ಬಾಟ್ಲಿ ಸಾಲೂದಿಲ್ಲ.”

ಗ್ಲಾಸಿನ ಅಂಚು

ಆವತ್ತಿಂದ ನಮ್ಮ ಪಾನಕಕ್ಕ ತಕಲೀಪ ಅನ್ನೂ ಹೆಸರ ಗಟ್ಟಿ ಆತು. ಗಿರಾಕಿಗೋಳು ಬಂದು, ಒಂದ ಬಿಸಿ ತಕಲೀಪ ಕೊಡ್ರಿ ಅನ್ನಾಕತ್ತರು. ನಾನೂ ಗ್ಲಾಸಿಗೆ ಸಿಂಗಾರ ಮಾಡಾಕ ನಿಂತೆ. ಅಂಚಿಗೆ ಲಿಂಬಿ ಒರಸಿ, ಉಪ್ಪು ಮತ್ತ ಬ್ಯಾಡಗಿ ಮೆಣಸಿನಕಾಯಿ ಪುಡಿ ಕೂಡಿಸಿ ಸುತ್ತಲೂ ಹಚ್ಚಿದೆ. ಕೆಂಪಗ, ನೋಡಾಕ ಛಂದ.

ಮೊದಲನೇ ಗ್ಲಾಸ್ ಹ್ವಾದದ್ದು ರೈಲ್ವೇದಾಗ ದುಡದು ನಿವೃತ್ತಿ ಆದ ಸಾಹೇಬರಿಗೆ. ಮಂಕಿ ಟೋಪಿಯೊಳಗಿಂದ ಮೂಗು, ಚಸ್ಮಾ ಅಷ್ಟ ಕಾಣತಿದ್ವು. ಗ್ಲಾಸ್ ಹೊಳ್ಳಿಸಿ ನೋಡಿದ್ರು, ಕರ್ಚೀಪ ತಗದು ಅಂಚ ಎಲ್ಲಾ ಸ್ವಚ್ಛ ಒರಸಿದ್ರು, ಮೆಲ್ಲಕ ನನ್ನ ಕರದು, ತೊಳಿಯವರಿಗೆ ಸ್ವಲ್ಪ ಹೇಳ್ರಿ ಅಂದ್ರು. ನಾ ಇನ್ನೊಂದ ಮಾಡಿ ಕೊಟ್ಟೆ. ಅದನ್ನೂ ಒರಸಿದ್ರು, ಈ ಸಲ ಮುಖಾ ಗಂಟ ಹಾಕ್ಕೊಂಡ. ಆಮ್ಯಾಲ ತಿಳಿಸಿ ಹೇಳಿದೆ, ಅದು ಹೊಲಸಲ್ರಿ, ಒಂದ ಸಲ ಅಂಚ ನೆಕ್ಕಬೇಕು, ಒಂದ ಗುಟುಕ ಕುಡೀಬೇಕು ಅಂತ. ಈ ವಯಸ್ಸಿನ್ಯಾಗ ನಾಕ ಮಂದ್ಯಾಗ ಗ್ಲಾಸ್ ನೆಕ್ಕಲೇನು ಅಂತ ಆ ಕಡೆ ಈ ಕಡೆ ನೋಡಿದ್ರು. ನಾ ಗ್ವಾಡಿ ಕಡೆ ಮುಖಾ ಮಾಡಿ ನಿಂತೆ. ಹೊಳ್ಳಿ ನೋಡೂದ್ರಾಗ ಅಂಚ ಪೂರಾ ಖಾಲಿ, ಗ್ಲಾಸ್ ಹಂಗ ತುಂಬಿದ್ದು ತುಂಬಿದ್ದಾಂಗ ಐತಿ. ಸಾಹೇಬರ ಮುಖದಾಗ ಕಳಾ ಬಂದಿತ್ತು. “ಖಾರ ಮಸ್ತ ಐತಿ. ಇನ್ನೊಂದೀಟ ಖಾರಾ ಹಾಕಿ, ಜೋಡಿ ಎರಡ ಬಿಸಿ ರೊಟ್ಟಿ ತರ್ರಿ.”

ಬದುವಿನ ಬೆಳಿ

ನವಲಗುಂದ ಕಡೆಯ ದೊಡ್ಡ ಒಕ್ಕಲುತನದ ಗೌಡ್ರೊಬ್ಬರು ಪ್ಯಾಟಿಗೆ ಬಂದಾಗೆಲ್ಲಾ ನನ್ನ ಮುಂದ ಕುಂದರತಾರ. ಕರೀ ಎರಿ ಹೊಲ, ಕಡ್ಲಿ, ಹತ್ತಿ. ಏನ ಕುಡದ್ರೂ ಅದು ಯಾವ ಪೀಕಿನ್ಯಾಗ ಮಾಡಿದ್ದು ಅಂತ ಮೊದಲ ಕೇಳತಾರ. ಇದಕ್ಕೂ ಕೇಳಿದ್ರು. ಕತ್ತಾಳಿ ಜಾತಿ ಒಂದ ಗಿಡದ ಗಡ್ಡಿಯಿಂದ ಮಾಡತಾರ್ರಿ ಅಂತ ಹೇಳಿದೆ.

ಗೌಡ್ರು ಗ್ಲಾಸ್ ಕೆಳಗ ಇಟ್ಟರು. ಬದುವಿನ ಮ್ಯಾಲ ಇರತೈತಲ್ಲ, ಮುಳ್ಳಿಂದು, ಆ ಕತ್ತಾಳಿ ಏನು ಅಂದ್ರು. ಅದು ಅಲ್ರಿ, ಅದರ ಬೀಗರು ಅಂತ ತಿಳ್ಕೋರಿ, ದೂರ ದೇಶದಾಗ ಬೆಳೀತಾರ ಅಂದೆ. ಬೀಗರು ಅನ್ನೂ ಮಾತ ಅವರ ತಲಿಗೆ ಹೋಗಲಿಲ್ಲ. ಆವತ್ತ ಅವರು ಕುಡದದ್ದು ಕಡಿಮಿ, ವಿಚಾರ ಮಾಡಿದ್ದ ಹೆಚ್ಚು.

ಎಳ್ಳಮಾಸಿ ಹಬ್ಬಕ್ಕ ಹೊಲದಾಗ ಚರಗಾ ಚೆಲ್ಲಿದ ಎರಡ ದಿನಕ್ಕ ಹೋಟೆಲ್ ಮುಂದ ಒಂದ ಟ್ರ್ಯಾಕ್ಟರ್ ಬಂದ ನಿಂತು. ಟ್ರಾಲಿ ತುಂಬ ಕತ್ತಾಳಿ, ಬೇರ ಸಮೇತ. ವೇಟರ್ ಇಳಸಾಕ ಹೋಗಿ ಕೈತುಂಬ ಮುಳ್ಳ ಚುಚ್ಚಿಸಿಕೊಂಡ. ಸಾವಕಾರ್ರು ಹೊರಗ ಬಂದು, ಯಾವ ಬೇಲಿ ಹಾಕಾಕ ಇದು ಅಂತ ಕೇಳಿದ್ರು. ಗೌಡ್ರು ಮಾತ್ರ ಮನಿ ಮಗನ ಸಾಲಿಗೆ ಹಾಕಾಕ ಬಂದವರಂಗ ಹೆಮ್ಮಿಲೆ ನಿಂತಿದ್ರು. ಹೊರಗಿಂದ ಯಾಕ ತರಸತೀರಿ, ಇದರಾಗ ಮಾಡ್ರಿ, ಬೇಕಂದ್ರ ಇನ್ನೂ ಐತಿ ಅಂದ್ರು. ಇದರಾಗ ಆಗೂದಿಲ್ರಿ ಅಂತ ಅವರಿಗೆ ತಿಳಸೂದ್ರಾಗ ನನ್ನ ಗಂಟಲಾ ಒಣಗಿ ಹೋತು. ಕಡೀಕ ಅವರು ಟ್ರಾಲಿ ಕಡೆ ನೋಡಿ ಉಸರಾ ಬಿಟ್ಟರು. “ನಮ್ಮಜ್ಜನ ಕಾಲದಿಂದ ಇದರ ಹಗ್ಗಾ ಹೊಸೆದು ಎತ್ತ ಕಟ್ಟಿವಿ. ಆ ದೇಶದವರು ನೋಡ್ರಿ, ಅದನ್ನ ಕುಡದು ತಾವ ಕಟ್ಟಿಸಿಕೊಳ್ಳೂ ಹಂಗ ಆಗ್ಯಾರ.”

ಮನಿಯಿಂದ ಫೋನು

ಬಟ್ಟಿ ಅಂಗಡಿಯವರೊಬ್ಬರು ಇದ್ರು, ಭಾಳ ಸಂಭಾವಿತ. ಹೆಂಡ್ತಿಗೆ ಸುಳ್ಳ ಹೇಳೂದಿಲ್ಲ ಅಂತ ಆಣಿ ಮಾಡಿದವರು. ನಮ್ಮ ಪಾನಕದ ಹೆಸರ ಕೇಳಿ ಅವರಿಗೆ ಸ್ವರ್ಗಾ ಸಿಕ್ಕಂಗಾತು. ಸಂಜಿಮುಂದ ಗ್ಲಾಸ್ ಹಿಡಕೊಂಡ ಕುಂತಾಗ ಮನಿಯಿಂದ ಫೋನ್ ಬಂತು. ಎಲ್ಲಿದ್ದೀರಿ ಅಂತ ಹೆಂಡ್ತಿ ಕೇಳಿದ್ರೋ ಏನೋ, ಇವರು ಬಿಸಿ ಗ್ಲಾಸ್ ನೋಡಿಕೊಂತ, ಗೋಕುಲ ರಸ್ತೆದಾಗ ಸಾವಕಾರ್ರ ಹೋಟೆಲಿನ್ಯಾಗ ಅದೇನಿ, ಸ್ವಲ್ಪ ತಕಲೀಪದಾಗ ಅದೇನಿ, ಮುಗಿಸಿಕೊಂಡ ಬರತೇನಿ ಅಂದ್ರು. ಫೋನ್ ಇಟ್ಟ, ನನ್ನ ಕಡೆ ನೋಡಿ ಕಣ್ಣ ಹೊಡದ್ರು. ಒಂದ ಅಕ್ಷರ ಸುಳ್ಳ ಹೇಳಿಲ್ಲ ನೋಡ್ರಿ ಅಂದ್ರು.

ಅವರು ಎರಡನೇದ್ದು ತರಸೂದ್ರಾಗ ಹೊರಗ ಆಟೋ ನಿಂತು. ಗಂಡಗ ತಕಲೀಪ ಅಂದ್ರ ಯಾವ ಹೆಂಡ್ತಿ ಮನ್ಯಾಗ ಕುಂದರತಾಳ? ಅಕ್ಕಾರು ಬಂದ್ರು, ಅವರ ಹಿಂದ ಅವರ ತಮ್ಮ ಬಂದ, ಕೈಯಾಗ ಓಂಕಾಳಿನ ಡಬ್ಬಿ, ಬಿಸಿನೀರಿನ ಥರ್ಮಾಸು. ಅಕ್ಕಾರ ಕಣ್ಣಾಗ ನೀರ ತುಂಬಿದ್ವು. ಗಂಡ ಗ್ಲಾಸ್ ಖುರ್ಚಿ ಕೆಳಗ ಸರಿಸಿ, ಎದಿ ಮ್ಯಾಲ ಕೈ ಇಟ್ಟಕೊಂಡ ಕುಂತಬಿಟ್ಟರು. ಏನ ತಕಲೀಪರಿ, ಎಲ್ಲಿ ತಕಲೀಪ ಅಂತ ಅಕ್ಕಾರು ಕೇಳಿದ್ರು. ಗಂಡ ಏನರ ಹೇಳೂದ್ರೊಳಗ ನಮ್ಮ ವೇಟರ್ ಮುಂದ ಬಂದು ಕೈ ಕಟ್ಟಿ ಅದಬಿಲೆ ನಿಂತ: “ಒಂದ ಕುಡದ ಮುಗಿಸ್ಯಾರ್ರಿ ಅಕ್ಕಾರ, ಎರಡನೇದ್ದು ಖುರ್ಚಿ ಕೆಳಗೈತಿ. ನಿಮಗೂ ಒಂದ ತರ್ಲೇನ್ರಿ?”

ಅವರ ಮನ್ಯಾಗ ಆ ರಾತ್ರಿ ಏನಾತು ಅಂತ ನಾ ಕೇಳಿಲ್ಲ. ಮುಂದಿನ ವಾರ ಇಬ್ಬರೂ ಜೋಡೀಲೆ ಬಂದ್ರು. ಅಕ್ಕಾರು ಟಕೀಲಾ ಇಲ್ಲದ ಬರೀ ಕಿತ್ತಳಿ-ಲಿಂಬಿಯ ಬಿಸಿ ಗ್ಲಾಸ್ ಕುಡದು, ಗಂಡನ ಗ್ಲಾಸಿನ ಮ್ಯಾಲ ಕಣ್ಣ ಇಟ್ಟ ಕುಂತ್ರು.

ಸಂಕ್ರಮಣದ ಹಿಂದಿನ ಸಂಜಿ

ಹಿಂಗ ಸಾವಕಾರ್ರು ಬಯಸಿದ ಶಾಲಿನ ಮಂದಿ ಒಬ್ಬೊಬ್ಬರ ಬರಾಕತ್ತರು. ಆದ್ರ ಅವ್ವಾರ ಮುಂದ ಬಾಯಿ ತಗಿಯೂ ಕೆಲಸ ಮಾತ್ರ ಹಂಗ ಉಳದಿತ್ತು. ನಾ ದಿನಾ ನೆನಪ ಮಾಡತಿದ್ದೆ. ಕಡೀಕ ನನ್ನ ಮುಂದ ಒಮ್ಮೆ ರೂಢಿ ಮಾಡ್ರಿ, ನಾ ಅವ್ವಾರು ಅಂತ ತಿಳ್ಕೋರಿ, ಇಲ್ಲ ಅನ್ರಿ ಅಂದೆ. ಟವೆಲ್ ತಲಿ ಮ್ಯಾಲ ಸೆರಗಿನಂಗ ಹೊದಕೊಂಡ, ಕೌಂಟರ್ ತಗದಿ ಏನೋ ಅಂತ ಜೋರ ಮಾಡಿ ಕೇಳಿದೆ. ಸಾವಕಾರ್ರು ಎದ್ದ ನಿಂತ, ನನಗ “ಹೂಂ ಅವ್ವಾ” ಅಂದ್ರು. ಆವತ್ತಿಗೆ ನಾ ಆಸೆ ಬಿಟ್ಟೆ.

ಭೋಗಿ ಹಬ್ಬದ ದಿನ ಸಂಜಿಮುಂದ, ಇನ್ನೂ ಗಿರಾಕಿ ಬರೂದಕ್ಕ ಮೊದಲ, ಅವ್ವಾರ ಗಾಡಿ ಬಂತು. ಜೋಡಿ ಬಡಿಗ್ಯಾ ಬಂದಿದ್ದ. ಬಂದವನ ಟೇಪ್ ತಗದು ನನ್ನ ಕೌಂಟರ್ ಅಳಿಯಾಕ ನಿಂತ. ಸಾವಕಾರ್ರ ಮುಖಾ ನೋಡಿದೆ, ಅವರು ನೆಲಾ ನೋಡಾಕತ್ತಿದ್ರು.

ಅವ್ವಾರಿಗೆ ಥಂಡಿಗೆ ಕೆಮ್ಮ ಹತ್ತಿತ್ತು. ಊರಾಗ ಎಲ್ಲಾರೂ ನಿನ್ನ ಕಿತ್ತಳಿ ಕಷಾಯದ ಮಾತ ಆಡತಾರಲ್ಲೋ, ಆ ನಿನ್ನ ಸಾಮಾನ ಹಾಕದ ನನಗೊಂದೀಟ ಮಾಡು ಅಂದ್ರು. ನಾ ಮೊದಲ ಏನ ಮಾಡಿದೆ ಅಂದ್ರ, ಇದ್ದಬದ್ದ ಬಾಟ್ಲಿ ಎಲ್ಲಾ ಕಪಾಟದಾಗ ಇಟ್ಟ ಕೀಲಿ ಹಾಕಿ, ಕೀಲಿ ಕಿಸೇದಾಗ ಇಟಗೊಂಡೆ. ನನ್ನ ಮ್ಯಾಲ ನನಗ ಭರೋಸಾ ಇತ್ತು, ವೇಟರನ ಮ್ಯಾಲ ಇರಲಿಲ್ಲ. ಒಂದ ಪಾತೇಲ್ಯಾಗ ಎಲ್ಲಾರಿಗೂ ಮಾಡಿದೆ. ಅವ್ವಾರ ಕೆಮ್ಮಿಗಂತ ಶುಂಠಿ, ಕರಿಮೆಣಸ ಎರಡ ಪಟ್ಟ ಹಾಕಿದೆ. ಬರೇ ಕಿತ್ತಳಿ, ಲಿಂಬಿ, ಬೆಲ್ಲ. ಮತ್ತೇನೂ ಇಲ್ಲ.

ಗ್ಲಾಸ್ ಕೈಗೆ ಕೊಡೂಮುಂದ ಸಾವಕಾರ್ರು ನನಗ ಕಣ್ಣ ಸನ್ನಿ ಮಾಡಿದ್ರು. ನನ್ನ ಗ್ಲಾಸಿಗೆ ಹಾಕೀದಿ ಹೌದಲ್ಲೋ ಅನ್ನೂ ಸನ್ನಿ ಅದು. ಅವ್ವಾರು ಎದರಿಗೆ ಕುಂತಾರ, ನಾ ಏನಂತ ಹೇಳ್ಲಿ? ಸುಮ್ಮ ತಲಿ ಅಳ್ಳಾಡಿಸಿದೆ. ಹೌದಂತ ತಿಳಕೊಂಡ್ರು. ಒಂದ ಗುಟುಕಿಗೆ ಅರ್ಧಾ ಇಳಿಸಿದ್ರು. ಶುಂಠಿ ಖಾರಕ್ಕ ಕಣ್ಣಾಗ ನೀರ ಬಂದು, ಕಿವಿ ಕೆಂಪಾದ್ವು. ಇವತ್ತ ಭಾಳ ಸ್ಟ್ರಾಂಗ್ ಮಾಡಿದಿ ಅಂತ ನನ್ನ ಕಿವ್ಯಾಗ ಅಂದು ಇನ್ನೊಂದ ಬೇಡಿದ್ರು. ಅದೂ ಹೋತು. ಮೂರನೇದ್ದು ಮುಗಿಸಿ ಗ್ಲಾಸ್ ಮೇಜಿನ ಮ್ಯಾಲ ಠಕ್ಕಂತ ಇಟ್ಟರು.

ಬಡಿಗ್ಯಾ ಅವ್ವಾರ ಕಡೆ ನೋಡಿ, ಹಂಗಾರ ನಾಳಿ ಮುಂಜಾನಿ ಕಿತ್ತಲೇನ್ರಿ ಅಂತ ಕೇಳಿದ.

“ಇಲ್ಲ,” ಅಂದ್ರು ಸಾವಕಾರ್ರು.

ನಾವೆಲ್ಲಾ ಹೊಳ್ಳಿ ನೋಡಿದ್ವಿ. ಅವರು ಮೇಜು ಹಿಡಕೊಂಡ ಎದ್ದ ನಿಂತಿದ್ರು. “ಕೌಂಟರ್ ಕಿತ್ತೂದಿಲ್ಲ ಅವ್ವಾ. ಇದನ್ನ ನಾ ಮಾಡಿಸೇನಿ. ಖಾನಾವಳಿ ಬೇಕಂದ್ರ ಬಾಜೂಕ ಜಾಗಾ ಖಾಲಿ ಐತಿ, ಅಲ್ಲಿ ಕಟ್ಟಸೂಣು. ನೀ ಅಲ್ಲಿ ಕುಂದರು, ನಾ ಇಲ್ಲಿ ಕುಂದರತೇನಿ.”

ಒಮ್ಮೆ ಬಾಗಲಾ ತಗದದ್ದ ತಡ, ಎಲ್ಲಾ ಹೊರಗ ಬಂತು. ಹಾಗಲಕಾಯಿ ಪಲ್ಯೆ ತನಗ ಸಾಲಿ ಕಲಿಯೂವಾಗಿಂದ ಸೇರೂದಿಲ್ಲ, ಹಾಕಿದ್ದಕ್ಕ ತಿಂದೇನಿ ಅಂದ್ರು. ಈ ಹಸರ ಸ್ವೆಟರ್ ಮೈ ಕಡೀತೈತಿ ಅಂತ ತಗದ ಖುರ್ಚಿಗೆ ಹಾಕಿದ್ರು. ಬ್ಯಾಂಕಿನ ಸಾಹೇಬರ ಮುಂದ ತನಗ ಪುಟ್ಟ್ಯಾ ಅಂತ ಕರೀಬಾರದು ಅಂದ್ರು. ಆಮ್ಯಾಲ ಬಡಿಗ್ಯಾನ ಅಪ್ಪಿಕೊಂಡ, ನೀ ನನ್ನ ಒಡಹುಟ್ಟಿದಾವ ಇದ್ದಂಗ ಅಂದ್ರು. ಫರಸಿ ಗೆರಿ ಮ್ಯಾಲ ಒಂದೊಂದ ಹೆಜ್ಜಿ ಸಂಭಾಳಿಸಿ ಇಟಗೊಂತ ವೇಟರನ ಹತ್ರ ಹೋಗಿ, ಈ ನೆಲಾ ಯಾಕೋ ಅಳ್ಳಾಡಾಕತ್ತೇತಿ ಅಂತ ಕೇಳಿದ್ರು. ವೇಟರ್ ಹೌದ್ರಿ ಅಂದು ತಾನೂ ಅವರ ಜೋಡಿ ಅಳ್ಳಾಡಿದ. ಅವನೂ ಎರಡ ಗ್ಲಾಸ್ ಕುಡದಿದ್ದ.

ಅವ್ವಾರು ನನ್ನ ಹತ್ರ ಕರದ್ರು. ಮೆತ್ತಗ, ಇವಗ ಏನ ಕೊಟ್ಟಿ ಅಂದ್ರು. ನಾ ಕೈ ಮುಗದೆ. ನಿಮ್ಮ ಪಾದದಾಣಿ ಅವ್ವಾರ, ನಿಮಗ ಕೊಟ್ಟದ್ದ ಅವರಿಗೂ ಕೊಟ್ಟೇನ್ರಿ, ಕೀಲಿ ಇಲ್ಲೈತಿ ನೋಡ್ರಿ ಅಂದೆ. ಅವರು ಮಗನ ಗ್ಲಾಸ್ ಎತ್ತಿ ಮೂಸಿ ನೋಡಿದ್ರು. ತಳದಾಗ ಉಳದ ಒಂದ ಹನಿ ನಾಲಗಿಗೆ ಹಚಗೊಂಡ್ರು. ಲಿಂಬಿ, ಶುಂಠಿ. ಒಮ್ಮೆ ಗ್ಲಾಸ್ ನೋಡಿದ್ರು, ಒಮ್ಮೆ ಮಗನ ನೋಡಿದ್ರು. ಆಮ್ಯಾಲ ಸೆರಗ ಬಾಯಿಗೆ ಒತ್ತಿಕೊಂಡ ನಕ್ಕರು ನೋಡ್ರಿ, ಕಣ್ಣಾಗ ನೀರ ಬರೂತನಕ ನಕ್ಕರು. ಕೆಮ್ಮ ಹತ್ತಿದ್ರೂ ನಗೀ ನಿಂದರಲಿಲ್ಲ.

ಕಣ್ಣ ಒರಸಿಕೊಂಡ ನನಗ ಅಂದ್ರು: “ಇವರಪ್ಪ ಹೋದಾಗಿಂದ ನನಗ ಒಂದ ಚಿಂತಿ ಇತ್ತು. ಎಲ್ಲಾರಿಗೂ ಹೂಂ ಅಂತಾನ, ನನ್ನ ಹಿಂದ ಇವನ್ನ ಮಂದಿ ಮಾರಿಕೊಂಡ ತಿಂತಾರ ಅಂತ. ಇವತ್ತ ನನಗ ಇಲ್ಲ ಅಂದ. ಇನ್ನ ಯಾರಿಗೆ ಬೇಕಾದ್ರೂ ಅಂತಾನ ಬಿಡು.” ಬಡಿಗ್ಯಾಗ ಹೊರಗ ಹೋಗಿ ಬಾಜೂಕಿನ ಜಾಗಾ ಅಳಿ ಅಂದ್ರು. ನನ್ನ ಎದಿ ಮ್ಯಾಲಿಂದ ಕಲ್ಲ ಇಳದಂಗ ಆತು. ಅಲ್ಲೇ ಅವರ ಕಾಲಿಗೆ ಬಿದ್ದೆ. ಅವರು ನನ್ನ ತಲಿ ಮ್ಯಾಲ ಕೈ ಇಟ್ಟ, ಮಗಗ ಕೇಳದಂಗ, ದಿನಾ ಸಂಜಿಮುಂದ ಅವಗ ಇದನ್ನ ಕೊಡು, ಆದ್ರ ಇದರಾಗ ಏನೂ ಇಲ್ಲ ಅಂತ ಮಾತ್ರ ಬಾಯಿ ಬಿಡಬ್ಯಾಡ ಅಂತ ಆಣಿ ಹಾಕಿಸಿಕೊಂಡ್ರು.

ಮರುದಿನ ಮುಂಜಾನಿ ಎಳ್ಳ ಹಚ್ಚಿ ಜಳಕಾ ಮಾಡಿ ಊರೆಲ್ಲಾ ಖುಷೀಲೆ ಅಡ್ಡಾಡಾಕತ್ತಿತ್ತು. ಸಾವಕಾರ್ರು ಮಾತ್ರ ತಲಿಗೆ ಟವೆಲ್ ಬಿಗದ ಕಟಗೊಂಡ, ಗ್ವಾಡಿ ಹಿಡಕೊಂಡ ಬಂದ್ರು. ಸ್ಟೂಲಿನ ಮ್ಯಾಲ ಕುಂತ, ತಲಿ ಸಿಡಿಯಾಕತ್ತೇತೋ ಅಂತ ನರಳಿದ್ರು. ನಿನ್ನೆ ಅವ್ವ ಏನಂದ್ಲು ಅಂತ ಹೆದರಿಕೊಂತ ಕೇಳಿದ್ರು. ಕೌಂಟರ್ ಇರಲಿ ಅಂದಾರ್ರಿ ಅಂತ ಹೇಳಿದೆ. ಅವರು ಕೌಂಟರಿನ ಹಲಗಿ ಮ್ಯಾಲ ಎರಡೂ ಕೈ ಸವರಿ, ಸಣ್ಣ ಹುಡುಗನಂಗ ನಕ್ಕರು.

ಎದ್ದ ಹೋಗೂಮುಂದ ಹೊಳ್ಳಿ ನಿಂತ, ಬೆರಳ ಮಾಡಿ ನನಗ ತಾಕೀತ ಮಾಡಿದ್ರು: “ಇನ್ನ ಮ್ಯಾಲ ನನ್ನ ಗ್ಲಾಸಿಗೆ ನಿನ್ನೆ ಹಾಕಿದ್ದರ ಅರ್ಧಾ ಅಷ್ಟ ಹಾಕು. ಅಷ್ಟು ನನಗ ತಡಿಯೂದಿಲ್ಲ.”

ಆಗ್ಲಿರಿ ಅಂದೆ. ಆವತ್ತಿಂದ ಇವತ್ತಿನ ತನಕ ದಿನಾ ಬರೋಬ್ಬರಿ ಅರ್ಧಾ ಅಷ್ಟ ಹಾಕತೇನಿ.